ಮಕ್ಕಳ ಮುಂದೆ ಯುದ್ಧದ ಮಾತು: ಶಿವರಾತ್ರಿಯಿಂದ ಯುಗಾದಿವರೆಗೆ ನಮ್ಮ ಮನೆಯಲ್ಲಿ ನಡೆದದ್ದು

ಎಲ್ಲರಿಗೂ ಯುಗಾದಿಯ ಶುಭಾಶಯ, ಎರಡು ದಿನ ತಡವಾಗಿ.

ಕಳೆದ ವಾರ ಮ್ಯೂನಿಕ್‌ನ ಅಕ್ಕ ಒಬ್ಬರು ನಮ್ಮ ಈ ಕನ್ನಡಿಗರ ಗುಂಪಿನಲ್ಲಿ ಕೇಳಿದ್ದರು. ರಷ್ಯಾ ಉಕ್ರೇನಿನ ಮೇಲೆ ಯುದ್ಧ ಶುರು ಮಾಡಿದ್ದನ್ನ ಟಿವಿಯಲ್ಲಿ ನೋಡಿ ಮಗ ಮಲಗೋ ಹೊತ್ತಿಗೆ "ಇಲ್ಲೂ ಬಾಂಬ್ ಬೀಳುತ್ತಾ?" ಅಂತಾನೆ, ಟಿವಿ ಆಫ್ ಮಾಡಿಬಿಡಲಾ, ಇಲ್ಲ ಕೂರಿಸಿಕೊಂಡು ಹೇಳಲಾ ಅಂತ. ಬಹಳ ಜನ ಆಫ್ ಮಾಡಿ ಅಂದಿರಿ. ಆಡೋ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕು ಅಂದಿರಿ. ಪ್ರೀತಿಯಿಂದಲೇ ಹೇಳಿದ್ದೀರಿ, ಗೊತ್ತು. ನಾನೂ ಮಾರ್ಚ್ 1ರ ತನಕ ಹಾಗೇ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಅದು ನಡೆಯಲಿಲ್ಲ. ಯಾಕೆ ಅಂತ ಬರೆಯೋಣ ಅಂತ ಕೂತೆ, ಸ್ವಲ್ಪ ಉದ್ದವಾಗಿದೆ. ಪುರುಸೊತ್ತಾದಾಗ ಓದಿ.

ನಾನು ದಾವಣಗೆರೆಯವನು. ಜರ್ಮನಿಯಲ್ಲಿ ಸ್ಟುಟ್‌ಗಾರ್ಟ್ ಹತ್ತಿರ ಬ್ಯೋಬ್ಲಿಂಗೆನ್ ಕಡೆ ಇದ್ದೇವೆ. ಮಗಳಿಗೆ ಒಂಬತ್ತು, ಮೂರನೇ ಕ್ಲಾಸು.

2022ರ ಮಾರ್ಚ್ 1, ಮಂಗಳವಾರ, ಶಿವರಾತ್ರಿ. ಇಲ್ಲಿ ರಜೆಯಿಲ್ಲವಲ್ಲ, ಬೆಳಿಗ್ಗೆ ಬೇಗ ಎದ್ದು ಲಿಂಗಪೂಜೆ ಮುಗಿಸಿ, ಉಪವಾಸದಲ್ಲೇ ಆಫೀಸಿಗೆ ಹೋಗಿದ್ದೆ. ಊರಿನ ಗೆಳೆಯರ ಗುಂಪಿನಲ್ಲಿ ಸುದ್ದಿ ಬಂತು: ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಕಡೆ ಹುಡುಗ ಒಬ್ಬ ತೀರಿಹೋದ. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್. 21 ವರ್ಷ, ಮೆಡಿಕಲ್ ವಿದ್ಯಾರ್ಥಿ. ಊಟದ ಸಾಮಾನಿಗೆ ಅಂತ ಅಂಗಡಿ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಶೆಲ್ ಬಿದ್ದಿತ್ತು. ಚಳಗೇರಿ ನಮಗೆ ಹೊಸ ಊರಲ್ಲ. ದಾವಣಗೆರೆಯಿಂದ ಹುಬ್ಬಳ್ಳಿ ಕಡೆ ಹೊರಟರೆ ಹೈವೇಯಲ್ಲೇ ಸಿಗೋ ಊರು. ಎಷ್ಟು ಸಲ ಆ ಬೋರ್ಡು ನೋಡಿಕೊಂಡು ಹೋಗಿದ್ದೇನೋ.

ಸಂಜೆ ಮನೆಗೆ ಬಂದಾಗ ಮಗಳು ಅಜ್ಜಿ ಜೊತೆ ವಿಡಿಯೋ ಕಾಲ್‌ನಲ್ಲಿದ್ದಳು. ನಮ್ಮವ್ವ ಅಳುತ್ತಿದ್ದರು, ಹಿಂದೆ ಟಿವಿ ಓಡುತ್ತಿತ್ತು. ಇನ್ನು ನಾನು ಯಾವ ಟಿವಿ ಆಫ್ ಮಾಡಲಿ?

ಅವಳು ಕೇಳಿದ ಮೊದಲ ಪ್ರಶ್ನೆ ಬಾಂಬಿನದ್ದಲ್ಲ. "ಇವತ್ತು ರಾತ್ರಿಯೆಲ್ಲ ಶಿವ ಎದ್ದಿರ್ತಾನೆ ಅಂತೀರಲ್ಲ ಅಜ್ಜಿ, ಹಾಗಾದ್ರೆ ಆ ಅಣ್ಣನ್ನ ಯಾಕೆ ನೋಡ್ಕೊಳ್ಳಲಿಲ್ಲ?" ಅಂದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವ್ವ ಕಣ್ಣೊರೆಸಿಕೊಂಡು, "ನನಗೂ ಗೊತ್ತಿಲ್ಲ ಕಣವ್ವ. ಅವನ ಹೆಸರಲ್ಲಿ ಒಂದು ದೀಪ ಹಚ್ಚೀನಿ ನೋಡು" ಅಂತ ಫೋನು ದೇವರ ಜಗುಲಿ ಕಡೆ ತಿರುಗಿಸಿದರು. ನಾನಾಗಿದ್ದರೆ ಕರ್ಮ, ಹಣೆಬರಹ ಅಂತ ಏನಾದರೂ ಹೇಳಿ ಮಗುವಿನ ಬಾಯಿ ಮುಚ್ಚಿಸುತ್ತಿದ್ದೆನೋ ಏನೋ. ಗೊತ್ತಿಲ್ಲ ಅನ್ನೋದನ್ನ ದೇವರ ಮುಂದೆ ಕೂತುಕೊಂಡೇ ಹೇಳಬಹುದು ಅಂತ ಅವತ್ತು ಅವ್ವನಿಂದ ಕಲಿತೆ. ಮಗಳು ಇಲ್ಲೂ ಒಂದು ದೀಪ ಹಚ್ಚಿದಳು. ಜಾಗರಣೆ ಅಂತ ಹತ್ತೂವರೆವರೆಗೆ ಕೂತಿದ್ದು, ಸೋಫಾದ ಮೇಲೇ ಮಲಗಿಬಿಟ್ಟಳು.

ಆ ವಾರ ಉಕ್ರೇನಿನಿಂದ ಹೊರಬರುತ್ತಿದ್ದ ನಮ್ಮ ವಿದ್ಯಾರ್ಥಿಗಳಿಗಾಗಿ ಇದೇ ಗುಂಪಿನಲ್ಲಿ ಎಷ್ಟು ಫೋನ್ ನಂಬರುಗಳು ಓಡಾಡಿದವು, ನಿಮಗೆಲ್ಲ ನೆನಪಿರಬೇಕು. ಪೋಲೆಂಡ್ ಗಡಿ ಹತ್ತಿರ ಯಾರಿದ್ದೀರಿ, ಬುಡಾಪೆಸ್ಟ್‌ನಲ್ಲಿ ಒಂದು ರಾತ್ರಿಗೆ ಜಾಗ ಕೊಡೋರು ಯಾರಾದರೂ ಇದ್ದೀರಾ ಅಂತ. ಮಾರ್ಚ್ 2ರಂದು ಖಾರ್ಕಿವ್ ಬಿಟ್ಟು ನಡೆದಾದರೂ ಹೊರಡಿ ಅಂತ ನಮ್ಮ ರಾಯಭಾರ ಕಚೇರಿ ಹೇಳಿದಾಗ, ಚಳಿಯಲ್ಲಿ ಬ್ಯಾಗು ಹೊತ್ತು ನಡೆದ ಮಕ್ಕಳು ಅವರು. ನವೀನ್‌ಗೆ ಪಿಯುಸಿಯಲ್ಲಿ ನೂರಕ್ಕೆ 97 ಬಂದಿದ್ದರೂ ನಮ್ಮ ರಾಜ್ಯದಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ ಅಂತ ಅವರ ತಂದೆ ಹೇಳಿದ್ದನ್ನು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಾಯಿತು. ನಾನು ಸಂಬಳಕ್ಕೆ ಊರು ಬಿಟ್ಟವನು, ಬೇಕೆಂದಾಗ ವಾಪಸ್ ಹೋಗಬಲ್ಲೆ. ಆ ಹುಡುಗ ಓದೋದಕ್ಕೆ ಬೇರೆ ದಾರಿಯಿಲ್ಲದೆ ಊರು ಬಿಟ್ಟವನು.

ಕೆಲಸದ ವಿಷಯಕ್ಕೆ ಬರುತ್ತೇನೆ, ಹೊಸದಾಗಿ ಬಂದವರಿಗೂ ಉಪಯೋಗವಾಗಬಹುದು. ನಾನಿರೋದು ಕಾರಿನ ಬಿಡಿಭಾಗ ಮಾಡೋ ಕಂಪನಿಯಲ್ಲಿ. ಕಾರಿನ ಒಳಗೆ ನರಗಳ ಹಾಗೆ ಹರಿಯೋ ವೈರುಗಳ ಕಂತೆಯಿದೆಯಲ್ಲ, ವೈರಿಂಗ್ ಹಾರ್ನೆಸ್, ಅದನ್ನ ಮೆಷಿನ್ ಪೂರ್ತಿ ಮಾಡಲಾರದು. ಉದ್ದ ಹಲಗೆಯ ಮೇಲೆ ಒಂದೊಂದೇ ತಂತಿ ಎಳೆದು, ಟೇಪು ಸುತ್ತಿ, ಕೈಯಲ್ಲೇ ಜೋಡಿಸಬೇಕು. ಗಿರಾಕಿ ಯಾವ ಸೀಟು, ಯಾವ ಕ್ಯಾಮೆರಾ ಕೇಳಿದ್ದಾನೋ ಅದಕ್ಕೆ ತಕ್ಕ ಹಾಗೆ ಕಂತೆಯೂ ಬದಲಾಗುತ್ತೆ. ಹಾಗಾಗಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ಪೇರಿಸಿಡೋಕಾಗಲ್ಲ. ಪಶ್ಚಿಮ ಉಕ್ರೇನಿನ ಕಾರ್ಖಾನೆಗಳಲ್ಲಿ ಸಾವಿರಾರು ಜನ, ಬಹಳಷ್ಟು ಹೆಂಗಸರು, ಇದೇ ಕೆಲಸ ಮಾಡುತ್ತಿದ್ದರು. ಯುದ್ಧ ಶುರುವಾಗಿ ಕೆಲವೇ ದಿನಕ್ಕೆ ಜರ್ಮನಿಯ ದೊಡ್ಡ ದೊಡ್ಡ ಕಾರು ಕಂಪನಿಗಳ ಲೈನುಗಳು ನಿಂತವು. ನಮ್ಮಲ್ಲೂ ಕುರ್ತ್ಸ್‌ಆರ್ಬೈಟ್ ಬಂತು, ಅಂದರೆ ಕಡಿತದ ಅವಧಿಯ ಕೆಲಸ. ಕೈತಪ್ಪಿದ ಗಂಟೆಗಳ ನಿವ್ವಳ ಸಂಬಳದಲ್ಲಿ ನೂರಕ್ಕೆ 60 ಸರ್ಕಾರದಿಂದ ಬರುತ್ತೆ, ಮಕ್ಕಳಿದ್ದವರಿಗೆ 67. ಗಾಬರಿಯಾಗಬೇಡಿ, ಇದು ಕೆಲಸದಿಂದ ತೆಗೆಯೋದಲ್ಲ.

ವಾರಕ್ಕೆ ಎರಡು ದಿನ ಮನೆಯಲ್ಲಿ ಕೂತೆ. "ಅಪ್ಪ, ನಿಂಗೆ ಯಾಕೆ ರಜ?" ಅಂತ ಮಗಳು ಕೇಳಿದಳು. ಹಳೆ ಚಾರ್ಜರ್ ವೈರು, ದಾರ, ಟೇಪು ತಂದು ಅಡುಗೆಮನೆ ಟೇಬಲ್ ಮೇಲೆ ಇಬ್ಬರೂ ಸೇರಿ ಒಂದು ಪುಟ್ಟ ಕಂತೆ ಕಟ್ಟಿದೆವು. ಇಪ್ಪತ್ತು ನಿಮಿಷ ಹಿಡಿಯಿತು. "ಇದನ್ನ ಕಟ್ತಿದ್ದ ಆಂಟಿ ಈಗ ಎಲ್ಲಿದ್ದಾರೆ?" ಅಂದಳು. ಸೈರನ್ ಕೂಗಿದಾಗ ನೆಲಮಾಳಿಗೆಗೆ ಹೋಗ್ತಾರಂತೆ, ನಿಂತ ಮೇಲೆ ಬಂದು ಮತ್ತೆ ಕಟ್ತಾರಂತೆ ಅಂದೆ. ಆಫೀಸಿನಲ್ಲಿ ಕೇಳಿದ ನಿಜವಾದ ವಿಷಯವೇ ಅದು.

ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆ ಇಲ್ಲದ್ದು ನೀವೂ ನೋಡಿದ್ದೀರಿ. ಖಾಲಿ ಶೆಲ್ಫು, ಮೇಲೊಂದು ಚೀಟಿ, ಒಬ್ಬರಿಗೆ ಇಷ್ಟೇ ಬಾಟಲಿ ಅಂತ. ಅತ್ತ ಅವ್ವನೂ ದಾವಣಗೆರೆಯಲ್ಲಿ ಅದೇ ಹೇಳಿದರು, "ಎಣ್ಣಿ ರೇಟು ಕೇಳಂಗಿಲ್ಲಪ್ಪ". ಯುದ್ಧಕ್ಕೆ ಮುಂಚೆ ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದ್ದಾಗಿತ್ತು. ನಮ್ಮ ಬಯಲುಸೀಮೆಯಲ್ಲಿ ಎಕರೆಗಟ್ಟಲೆ ಹಳದಿ ಹೂವು ನೋಡಿ ಬೆಳೆದವನಿಗೆ ಆ ಮಾತು ನುಂಗೋಕೆ ಸ್ವಲ್ಪ ಕಷ್ಟವಾಯಿತು.

ಮಾರ್ಚ್ ಮಧ್ಯದಲ್ಲಿ ಸಹಾರಾದ ಧೂಳು ಬಂದು ಆಕಾಶ ಕೆಂಪಗಾಗಿ, ಕಾರುಗಳ ಮೇಲೆಲ್ಲ ಮಣ್ಣು ಕೂತಿತ್ತಲ್ಲ, ಅದೇ ವಾರ ಶಾಲೆಗೆ ಉಕ್ರೇನಿನ ಮಕ್ಕಳು ಬಂದರು. ಭಾಷೆಗೆ ಬೇರೆ ಕ್ಲಾಸು, ಆಟಕ್ಕೆ ಚಿತ್ರಕ್ಕೆ ಮಾತ್ರ ಉಳಿದವರ ಜೊತೆ. ನಮ್ಮ ಮಗಳ ಕ್ಲಾಸಿಗೆ ಒಬ್ಬ ಹುಡುಗ ಸಿಕ್ಕಿದ. ಸಂಜೆ ಶೂ ಬಿಚ್ಚೋಕೂ ನಿಲ್ಲದೆ ಓಡಿ ಬಂದು ಹೇಳಿದಳು: "ಅಪ್ಪ, ಅವನು ಖಾರ್ಕಿವ್‌ನವನು. ನವೀನ್ ಅಣ್ಣ ಇದ್ದ ಊರು!"

ಟಿವಿ ಆಫ್ ಮಾಡಿ ಅಂದವರಿಗೆ ನಾನು ಹೇಳಬೇಕು ಅಂದುಕೊಂಡಿದ್ದು ಇದೇ. ಯುದ್ಧ ಟಿವಿಯಲ್ಲಿ ಮಾತ್ರ ಇಲ್ಲ, ಪಕ್ಕದ ಬೆಂಚಿನಲ್ಲಿ ಕೂತಿದೆ. ನಾವು ಹೇಳದೆ ಬಿಟ್ಟರೆ ಆಟದ ಅಂಗಳದಲ್ಲಿ ಬೇರೆ ಯಾರೋ ಹೇಳುತ್ತಾರೆ, ಹೇಗೆ ಹೇಳುತ್ತಾರೋ ಯಾರು ಬಲ್ಲರು. ಅದೇ ಕ್ಲಾಸಿನಲ್ಲಿ ರಷ್ಯನ್ ಮಾತಾಡೋ ಮನೆಯ ಹುಡುಗಿಯೊಬ್ಬಳಿದ್ದಾಳೆ. ಹುಟ್ಟಿದ್ದು ಇಲ್ಲೇ. ಮಾರ್ಚ್ ಮೊದಲ ವಾರದಲ್ಲಿ ಯಾರೋ ಹುಡುಗರು ಅವಳನ್ನ "ಪುಟಿನ್" ಅಂತ ಕರೆದು ಅಳಿಸಿದ್ದರಂತೆ. ಅವತ್ತು ನಮ್ಮವಳೂ ಸುಮ್ಮನೆ ನಿಂತಿದ್ದಳಂತೆ. ನನಗೆ ಅದು ಬಹಳ ನೋವಾಯಿತು, ಬೈಯಲಿಲ್ಲ. ನೆರೆ ರಾಜ್ಯದ ಜೊತೆ ನೀರಿನ ಜಗಳ ಆದಾಗ ನಮ್ಮೂರಲ್ಲಿ ಅಂಗಡಿ ಇಟ್ಟುಕೊಂಡಿದ್ದ ಆ ರಾಜ್ಯದವರು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ ಕತೆ ಹೇಳಿದೆ. ಅವರು ಯಾವ ಅಣೆಕಟ್ಟಿನ ಗೇಟೂ ಮುಚ್ಚಿದವರಲ್ಲ ಅಂದೆ.

ಆಮೇಲೆ ಆದದ್ದು ನೋಡಿ. ಖಾರ್ಕಿವ್‌ನಲ್ಲಿ ಬಹಳ ಜನ ಮನೆಯಲ್ಲಿ ರಷ್ಯನ್ನನ್ನೇ ಮಾತಾಡುತ್ತಾರೆ. ಆ ಹುಡುಗನ ಮಾತು ಟೀಚರಿಗೂ ಅರ್ಥವಾಗದೆ ಇದ್ದಾಗ ಅರ್ಥವಾಗಿದ್ದು ಅದೇ ಹುಡುಗಿಗೆ. ಈಗ ಅವಳು ಅವನ ಪಕ್ಕದಲ್ಲೇ ಕೂರುತ್ತಾಳೆ. ಶೌಚಾಲಯ ಎಲ್ಲಿ, ಊಟದ ಬೆಲ್ ಯಾವುದು, ಎಲ್ಲ ಅವಳೇ ಹೇಳಿಕೊಡೋದು.

ಆಟದ ವಿಷಯದಲ್ಲಿ ಮಗಳಿಗೆ ಒಂದು ಸಿಟ್ಟಿತ್ತು. ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಅವಳು ಗೋಲ್‌ಕೀಪರ್. ಫೆಬ್ರವರಿ 28ಕ್ಕೆ ಫುಟ್‌ಬಾಲಿನ ಸಂಸ್ಥೆಗಳಾದ ಫಿಫಾ, ಯುಇಎಫ್‌ಎ ಎರಡೂ ರಷ್ಯಾದ ತಂಡಗಳನ್ನ ಹೊರಗಿಟ್ಟಾಗ "ಆಡೋರು ಏನು ತಪ್ಪು ಮಾಡಿದ್ರು?" ಅಂತ ಕೇಳಿದಳು. ದಕ್ಷಿಣ ಆಫ್ರಿಕಾದ ಕತೆ ಹೇಳಿದೆ. ಅಲ್ಲಿನ ಸರ್ಕಾರದ ವರ್ಣಭೇದಕ್ಕಾಗಿ 1970ರಿಂದ ಯಾರೂ ಅವರ ಜೊತೆ ಟೆಸ್ಟ್ ಆಡಲಿಲ್ಲ. ಬ್ಯಾರಿ ರಿಚರ್ಡ್ಸ್‌ನಂಥ ಬ್ಯಾಟರ್‌ಗೆ ಸಿಕ್ಕಿದ್ದು ನಾಲ್ಕೇ ಟೆಸ್ಟ್. ಮತ್ತೆ ಅವರನ್ನ ಕರೆದು ಮೊದಲು ಆಡಿಸಿದ್ದು ನಮ್ಮ ದೇಶ, 1991ರ ನವೆಂಬರ್‌ನಲ್ಲಿ, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. ಅವರನ್ನ ಹೊರಗಿಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಆದರೆ ರಿಚರ್ಡ್ಸ್‌ಗೆ ಆದ ನಷ್ಟವೂ ನಿಜ, ಎರಡನ್ನೂ ಹೇಳಿದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆಗಲೇಬೇಕು ಅಂತೇನೂ ಇಲ್ಲ.

ಆ ತಿಂಗಳು ಅವಳನ್ನ ಕಾಪಾಡಿದ್ದು ನ್ಯೂಜಿಲೆಂಡಿನಲ್ಲಿ ನಡೆದ ಮಹಿಳಾ ಕ್ರಿಕೆಟ್ ವಿಶ್ವಕಪ್. ಮಾರ್ಚ್ 6ರಂದು ಪಾಕಿಸ್ತಾನದ ಮೇಲೆ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ 31 ರನ್ನಿಗೆ 4 ವಿಕೆಟ್ ತೆಗೆದಾಗ ಮನೆಯಲ್ಲಿ ಕುಣಿದಾಟ. 27ರ ಭಾನುವಾರ ಇಲ್ಲಿ ಬೇಸಿಗೆ ಸಮಯ ಶುರುವಾಗಿ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು, ಬೆಳಿಗ್ಗೆ ದಕ್ಷಿಣ ಆಫ್ರಿಕಾದ ಮೇಲೆ ಕೊನೆಯ ಬಾಲಿನಲ್ಲಿ ನಮ್ಮ ಹುಡುಗಿಯರು ಸೋತರು, ಸಂಜೆ ಆರ್‌ಸಿಬಿ 205 ಹೊಡೆದೂ ಪಂಜಾಬಿಗೆ ಸೋತಿತು. ಮಗಳು ಅತ್ತಳು. ಒಂದು ತಿಂಗಳಿನಲ್ಲಿ ಮೊದಲ ಸಲ ಅವಳು ಒಂಬತ್ತು ವರ್ಷದ ಮಗು ಅಳಬೇಕಾದ ವಿಷಯಕ್ಕೆ ಅತ್ತಿದ್ದು ನೋಡಿ ನನಗೂ ನನ್ನ ಹೆಂಡತಿಗೂ ಮನಸ್ಸು ಹಗುರವಾಯಿತು.

ನಡುವೆ ಮಾರ್ಚ್ 21ಕ್ಕೆ ನವೀನ್ ಊರಿಗೆ ಬಂದ. ಮನೆಯವರು ವೀರಶೈವ ಪದ್ಧತಿಯಂತೆ ಪೂಜೆ ಮಾಡಿ, ದೇಹವನ್ನ ದಾವಣಗೆರೆಯ ಎಸ್.ಎಸ್. ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ದೇಹದಾನ ಅಂದರೇನು ಅಂತ ಮಗಳಿಗೆ ಹೇಳಿದೆ, ಡಾಕ್ಟರ್ ಆಗೋ ಮಕ್ಕಳು ಅದರಿಂದ ಕಲೀತಾರೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಣ್ಣ ವಾಪಸ್ ಕಾಲೇಜಿಗೇ ಹೋದ" ಅಂದಳು. ಆ ಮಾತು ಅವ್ವನಿಗೆ ಹೇಳೋಕೆ ನನಗೆ ನಾಲ್ಕು ದಿನ ಬೇಕಾಯಿತು.

ಮೊನ್ನೆ ಶನಿವಾರ, ಏಪ್ರಿಲ್ 2. ಮಾರ್ಚ್ ಪೂರ್ತಿ ಬಿಸಿಲು ಕಾಯಿಸಿ, ಯುಗಾದಿಯ ಬೆಳಿಗ್ಗೆ ಹಿಮ. ಬಾಲ್ಕನಿಯ ಡ್ಯಾಫೊಡಿಲ್ ಹೂಗಳು ಬಿಳಿ ಹೊದ್ದು ತಲೆ ತಗ್ಗಿಸಿದ್ದವು. ಅವ್ವ ಕಳಿಸಿದ್ದ ಒಣ ಬೇವಿನ ಹೂವು ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು, ಅದನ್ನೇ ಬೆಲ್ಲಕ್ಕೆ ಬೆರೆಸಿದೆವು. ಹೋಳಿಗೆಯನ್ನ ಎಣ್ಣೆ ಬಿಟ್ಟು ತುಪ್ಪದಲ್ಲೇ ಬೇಯಿಸಿದಳು ನನ್ನ ಹೆಂಡತಿ.

ಈ ಸಲ ಇಲ್ಲಿ ರಂಜಾನ್‌ನ ಮೊದಲ ಉಪವಾಸವೂ ಅದೇ ದಿನ. ನಮ್ಮ ಕ್ರಿಕೆಟ್ ಟೀಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಫ್ಘಾನಿಸ್ತಾನದ ಹುಡುಗರು. ಜರ್ಮನಿಯಲ್ಲಿ ಇವತ್ತು ಕ್ರಿಕೆಟ್ ಇಷ್ಟು ಬೆಳೆದಿದೆ ಅಂದರೆ 2015ರ ಆಸುಪಾಸಿನಲ್ಲಿ ಬಂದ ಇವರೇ ಮುಖ್ಯ ಕಾರಣ. ಸಂಜೆ ಆರರಿಂದ ಒಳಾಂಗಣದಲ್ಲಿ ಪ್ರಾಕ್ಟೀಸು. ಒಂದು ಹನಿ ನೀರು ಕುಡಿಯದೆ ಬೌಲಿಂಗ್ ಮಾಡಿದರು. ಎಂಟಕ್ಕೆ ಐದು ನಿಮಿಷ ಇದ್ದಾಗ ಎಲ್ಲರೂ ಪಾರ್ಕಿಂಗಿಗೆ ಬಂದೆವು. ಕಾರಿನ ಬಾನೆಟ್ ಮೇಲೆ ಅವರ ಖರ್ಜೂರ, ಪಕ್ಕದಲ್ಲಿ ನಮ್ಮ ಸ್ಟೀಲ್ ಡಬ್ಬಿ. ಮಗಳು ಒಬ್ಬೊಬ್ಬರಿಗೂ ಹೋಳಿಗೆ ಕೊಟ್ಟಳು.

ನಮ್ಮ ಎಡಗೈ ಬೌಲರ್ ಬೇಕರಿಯಲ್ಲಿ ಕೆಲಸ ಮಾಡೋನು, ರಾತ್ರಿ ಎರಡಕ್ಕೆ ಏಳೋನು. ಆಶ್ರಯ ಕೇಳಿ ಬಂದು, ಸಂದರ್ಶನಕ್ಕೆ ಕರೆ ಬರೋಕೇ ಎರಡು ವರ್ಷ ಕಾದವನು. ಉಕ್ರೇನಿನವರಿಗೆ ಮಾರ್ಚ್ 4ರಂದೇ ಯುರೋಪ್ ಒಕ್ಕೂಟ ತಾತ್ಕಾಲಿಕ ರಕ್ಷಣೆ ಕೊಟ್ಟಿತು: ವಾಸ, ಕೆಲಸ, ಶಾಲೆ ಎಲ್ಲ ತಕ್ಷಣ. 2001ರಲ್ಲೇ ಬರೆದಿಟ್ಟಿದ್ದ ಆ ನಿಯಮವನ್ನ ಬಳಸಿದ್ದು ಇದೇ ಮೊದಲು. ನಿನಗೆ ಏನನ್ನಿಸುತ್ತೆ ಅಂತ ಅವನನ್ನ ಹಿಂದಿಯಲ್ಲಿ ಕೇಳಿದೆ. ಹೋಳಿಗೆ ಮುರಿಯುತ್ತಾ ಹೇಳಿದ: "ಅವರಿಗೆ ಸರಿಯಾಗಿಯೇ ಸಿಕ್ಕಿದೆ ಭಾಯಿ. ನಮಗೂ ಹಾಗೇ ಸಿಗಬೇಕಿತ್ತು, ಅಷ್ಟೇ." ಆಮೇಲೆ ನನ್ನ ಮಗಳ ಕಡೆ ತಿರುಗಿ, ನಿನ್ನ ಕ್ಲಾಸಿನ ಆ ಹುಡುಗ ಏನು ಆಡ್ತಾನೆ ಅಂತ ಕೇಳಿದ. ಫುಟ್‌ಬಾಲ್ ಅಂದಳು, ಆದರೆ ಶಾಲೆಯ ಚಪ್ಪಲಿಯಲ್ಲೇ ಬರ್ತಾನೆ, ಶೂ ಇಲ್ಲ ಅಂದಳು. ಕಾಲಿನ ಅಳತೆ ಎಷ್ಟು ಅಂತ ಅವನು ಕೇಳಿದ, ಅವಳಿಗೆ ಗೊತ್ತಿರಲಿಲ್ಲ.

ಇವತ್ತು ಆ ಹುಡುಗನ ಕಾಲಿನ ಅಳತೆ ಕೇಳಿಕೊಂಡು ಬಂದಿದ್ದಾಳೆ. 34. ಅವನ ತಂಗಿಗೆ 29. ಸ್ಟುಟ್‌ಗಾರ್ಟ್, ಬ್ಯೋಬ್ಲಿಂಗೆನ್, ಲುಡ್ವಿಗ್ಸ್‌ಬುರ್ಗ್ ಕಡೆಯವರ ಮನೆಯಲ್ಲಿ ಮಕ್ಕಳಿಗೆ ಚಿಕ್ಕದಾದ ಫುಟ್‌ಬಾಲ್ ಶೂ ಇದ್ದರೆ, ಅಡಿಯ ಮುಳ್ಳು ಪೂರ್ತಿ ಸವೆದಿಲ್ಲದಿದ್ದರೆ, ನನಗೆ ಮೆಸೇಜ್ ಮಾಡಿ, ನಾನೇ ಬಂದು ತಗೊಂಡು ಹೋಗ್ತೀನಿ. ಬುಧವಾರ ಸಂಜೆ ಐದಕ್ಕೆ ಪ್ರಾಕ್ಟೀಸ್, ಅದರೊಳಗೆ ಸಿಕ್ಕರೆ ಒಳ್ಳೆಯದು. ಮ್ಯೂನಿಕ್‌ನ ಅಕ್ಕ, ನಿಮ್ಮ ಮಗನನ್ನ ಈಸ್ಟರ್ ರಜೆಯಲ್ಲಿ ಕರೆದುಕೊಂಡು ಬನ್ನಿ, ಇವರ ಜೊತೆ ಒಂದು ದಿನ ಆಡಲಿ.