ಎಸ್‌ಎಂಡಿ ಕೆಲಸಕ್ಕೆ ಅಗ್ಗದ ಹಾಟ್ ಏರ್: 858ಡಿ ಸಾಕಾ?

ಪ್ರಶ್ನೆ: ಎಸ್‌ಎಂಡಿ, ಅಂದ್ರೆ ಬೋರ್ಡಿನ ಮೇಲ್ಮೈಗೇ ಬೆಸೆಯೋ ಪುಟ್ಟ ಭಾಗಗಳು: 0805 ಅಳತೆಯ ರೆಸಿಸ್ಟರ್, 8 ಕಾಲಿನ ಐಸಿ (ಚಿಪ್). ಇವನ್ನ ತೆಗೆದು ಹಾಕೋಕೆ 858ಡಿ ಅನ್ನೋ ಬಿಸಿಗಾಳಿ ಬೆಸುಗೆ ಯಂತ್ರ ಸಾಕಾ? ಪೇಂಟ್ ತೆಗೆಯೋ ಹೀಟ್ ಗನ್ ಇದೆ, ಅದೇ ನಡೆಯುತ್ತಾ?

ಉತ್ತರ 1: ಹೀಟ್ ಗನ್ ಬೇಡ ಮಾರಾಯ್ರೇ, ಗಾಳಿಯ ರಭಸಕ್ಕೆ 0805 ಹಾರಿಹೋಗುತ್ತೆ, ಪಕ್ಕದ ಕನೆಕ್ಟರ್ ಕರಗುತ್ತೆ. 858ಡಿ ಧಾರಾಳ ಸಾಕು. ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯೋಕೆ ಹಚ್ಚೋ ಪದಾರ್ಥ) ಹಚ್ಚಿ, 350 ಡಿಗ್ರಿ ಇಟ್ಟು, ಗಾಳಿ ಅರ್ಧಕ್ಕಿಂತ ಕಡಿಮೆ ಮಾಡಿ, 2 ಸೆಂ.ಮೀ. ಮೇಲಿಂದ ಸುತ್ತಾಡಿಸಿ. ಸೋಲ್ಡರ್ ಕರಗಿ ಹೊಳೆದಾಗ ಟ್ವೀಝರ್‌ನಿಂದ ಮೆಲ್ಲಗೆ ತಟ್ಟಿ. ಐಸಿ ತೇಲಿದರಷ್ಟೇ ಎತ್ತಿ. ಮೀಟಿದರೆ ಬೋರ್ಡಿನ ತಾಮ್ರದ ಪ್ಯಾಡೇ ಕಿತ್ತು ಬರುತ್ತೆ.

ಉತ್ತರ 2: 858ಡಿಯ ಕೆಲವು ನಕಲುಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿರ್ತಾರೆ, ಆಫ್ ಮಾಡಿದ್ರೂ ಒಳಗೆ 230 ವೋಲ್ಟ್! ಅರ್ತ್ ಕೂಡ ಪರೀಕ್ಷಿಸಿ: ಪ್ಲಗ್ ಕಿತ್ತು, ಅರ್ತ್ ಪಿನ್ನಿಂದ ನಾಜಲ್ ಕೊಳವೆಗೆ ಮಲ್ಟಿಮೀಟರ್ ಹಿಡಿದು ನೋಡಿ. ಓಪನ್ ತೋರಿಸಿದರೆ ನಾಜಲ್‌ಗೆ ಅರ್ತ್ ಸಂಪರ್ಕವೇ ಇಲ್ಲ ಅಂತ, ವಾಪಸ್ ಕಳಿಸಿ.

ಉತ್ತರ 3: ಕೆಲಸ ಮುಗಿದ ಕೂಡಲೇ ಪವರ್ ತೆಗೀಬೇಡಿ. ಸ್ಟ್ಯಾಂಡಿಗಿಟ್ಟು ಫ್ಯಾನ್ ತಾನಾಗಿ ನಿಲ್ಲಲಿ, ಇಲ್ಲಾಂದ್ರೆ ಎಲಿಮೆಂಟಿನ ಬಿಸಿಗೆ ಹಿಡಿ ಹಾಳಾಗುತ್ತೆ.