ಲಿವರ್ ಕಸಿಯಾದ ಮೇಲೂ ಸ್ಕ್ಯಾನ್ ಏಕೆ?

ಪ್ರಶ್ನೆ, ಹಾನಗಲ್ಲಿನಿಂದ:

ನಮಸ್ಕಾರ ಡಾಕ್ಟರೇ. ನಮ್ಮ ತಂದೆಗೆ 56 ವರ್ಷ. ಹೆಪಟೈಟಿಸ್ ಬಿಯಿಂದ ಸಿರೋಸಿಸ್ ಆಗಿ (ಲಿವರ್ ಗಾಯಗಟ್ಟಿ ಗಟ್ಟಿಯಾಗಿ), ಈಗ ಲಿವರಿನಲ್ಲಿ 4 ಸೆಂ.ಮೀ. ಕ್ಯಾನ್ಸರ್ ಗಡ್ಡೆ ಇದೆ. ಗಡ್ಡೆಗೆ ಹೋಗುವ ರಕ್ತನಾಳದೊಳಗೆ ಔಷಧ ಬಿಟ್ಟು ಅದನ್ನು ಮುಚ್ಚುವ ಟೇಸ್ ಚಿಕಿತ್ಸೆ ಒಮ್ಮೆ ಆಗಿದೆ. ಬೆಂಗಳೂರಿನಲ್ಲಿ ಕಸಿಗೆ ಹೆಸರು ಬರೆಸಿದ್ದೇವೆ. ಆದರೂ ಮೂರು ತಿಂಗಳಿಗೊಮ್ಮೆ ಸಿ.ಟಿ. ಮಾಡಿಸಿ ಎನ್ನುತ್ತಾರೆ. ಹೇಗೂ ಲಿವರನ್ನೇ ತೆಗೆಯುವಾಗ ಇಷ್ಟು ಸ್ಕ್ಯಾನ್ ಏಕೆ? ಕಸಿಯಾದ ಮೇಲಾದರೂ ನಿಲ್ಲುತ್ತದೆಯೇ?

ಉತ್ತರ, ಹುಬ್ಬಳ್ಳಿಯ ಲಿವರ್ ತಜ್ಞರಿಂದ:

ನಮಸ್ಕಾರ. ಕಸಿಗೆ ಕಾಯುವ ದಿನಗಳಲ್ಲಿ ಗಡ್ಡೆ ಸುಮ್ಮನೆ ಇರುವುದಿಲ್ಲ. ಯಾರಿಗೆ ಕಸಿ ಒಳ್ಳೆಯ ಫಲ ಕೊಡುತ್ತದೆ ಎಂಬುದಕ್ಕೆ ಇಟಲಿಯ ಮಿಲಾನ್ ನಗರದ ವೈದ್ಯರು 1996ರಲ್ಲಿ ಒಂದು ಅಳತೆ ಕೊಟ್ಟರು: ಒಂದೇ ಗಡ್ಡೆಯಾದರೆ 5 ಸೆಂ.ಮೀ. ಒಳಗೆ, ಎರಡು ಮೂರು ಇದ್ದರೆ ಪ್ರತಿಯೊಂದೂ 3 ಸೆಂ.ಮೀ. ಒಳಗೆ, ರಕ್ತನಾಳಕ್ಕಾಗಲಿ ಲಿವರಿನ ಹೊರಗಾಗಲಿ ಹರಡಿರಬಾರದು. ಈಗ ಕೆಲವು ಕೇಂದ್ರಗಳು ಇದನ್ನು ಸ್ವಲ್ಪ ಹಿಗ್ಗಿಸಿವೆ, ಆದರೆ ಲೆಕ್ಕ ಶುರುವಾಗುವುದು ಇಲ್ಲಿಂದಲೇ. ನಿಮ್ಮ ತಂದೆಯವರಿಗೆ ಉಳಿದಿರುವ ಅಂತರ ಒಂದು ಸೆಂಟಿಮೀಟರ್ ಅಷ್ಟೇ. ಗಡ್ಡೆ ಅದನ್ನು ದಾಟುವ ಮೊದಲೇ ಗೊತ್ತಾದರೆ ಇನ್ನೊಮ್ಮೆ ಟೇಸ್ ಮಾಡಿ ತಡೆಯಬಹುದು. ದಾಟಿದ ಮೇಲೂ ಕುಗ್ಗಿಸಿ ಮತ್ತೆ ಪಟ್ಟಿಗೆ ತಂದವರಿದ್ದಾರೆ, ಆದರೆ ಆ ದಾರಿ ಕಷ್ಟದ್ದು. ರಾಜ್ಯದ ಅಂಗಾಂಗ ದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ದಾನಿಗಾಗಿ ಎಷ್ಟು ದಿನ ಕಾಯಬೇಕೆಂದು ಯಾರೂ ಮೊದಲೇ ಹೇಳಲಾರರು, ಆದ್ದರಿಂದ ಆ ಮೂರು ತಿಂಗಳ ಗಡುವನ್ನು ತಪ್ಪಿಸಬೇಡಿ.

ಸ್ಕ್ಯಾನಿನ ಕಾಗದದ ಜೊತೆಗೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ, ಹಳೆಯದನ್ನೂ ತನ್ನಿ. ಟೇಸ್ ಆದ ಗಡ್ಡೆಯಲ್ಲಿ ಒಟ್ಟು ಗಾತ್ರಕ್ಕಿಂತ ಮುಖ್ಯವಾದದ್ದು ಸ್ಕ್ಯಾನಿನ ಹೊತ್ತಿಗೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧವನ್ನು ಇನ್ನೂ ಹೀರುತ್ತಿರುವ ಜೀವಂತ ಭಾಗ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಅದು ತಿಳಿಯುವುದಿಲ್ಲ.

ಕಸಿಯ ನಂತರವೂ ತಪಾಸಣೆ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಕೆಲವು ಕ್ಯಾನ್ಸರ್ ಕೋಶಗಳು ರಕ್ತ ಸೇರಿರಬಹುದು. ಸರಿಯಾಗಿ ಆರಿಸಿ ಕಸಿ ಮಾಡಿದವರಲ್ಲೂ ನೂರಕ್ಕೆ ಸುಮಾರು 10ರಿಂದ 15 ಜನರಿಗೆ ಕಾಯಿಲೆ ಮರುಕಳಿಸುತ್ತದೆ, ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ. ಹೊಸ ಲಿವರಿನಲ್ಲಷ್ಟೇ ಅಲ್ಲ, ಶ್ವಾಸಕೋಶದಲ್ಲಿ, ಮೂಳೆಯಲ್ಲಿಯೂ. ಹಾಗಾಗಿ ಎದೆಯನ್ನೂ ಸ್ಕ್ಯಾನ್ ಮಾಡುತ್ತಾರೆ. ತೆಗೆದ ಹಳೆಯ ಲಿವರಿನ ಬಯಾಪ್ಸಿ ವರದಿಯನ್ನು ಜೋಪಾನ ಮಾಡಿ. ಸೂಕ್ಷ್ಮ ರಕ್ತನಾಳಗಳಿಗೆ ಗಡ್ಡೆ ನುಗ್ಗಿತ್ತೇ ಎಂಬುದು ಅದರಲ್ಲಿರುತ್ತದೆ. ನುಗ್ಗಿದ್ದರೆ ಸ್ಕ್ಯಾನುಗಳ ನಡುವಿನ ಅಂತರ ಕಡಿಮೆ.

ಪ್ರಶ್ನೆ, ಗದಗಿನಿಂದ:

ನಮ್ಮ ಮಾವನವರಿಗೆ ಕಸಿಯಾಗಿ 14 ತಿಂಗಳು. ಲಿವರ್ ಕ್ಯಾನ್ಸರಿನ ಸುಳಿವು ಕೊಡುವ ರಕ್ತ ಪರೀಕ್ಷೆ ಎ.ಎಫ್.ಪಿ. ಪ್ರತಿ ಸಲವೂ ನಾರ್ಮಲ್. ಸ್ಕ್ಯಾನ್ ಬಿಡಬಹುದೇ? ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯ ಮಟ್ಟ ಮಾತ್ರ ರಕ್ತದಲ್ಲಿ ಈ ಬಾರಿ ಒಮ್ಮೆಲೇ ಏರಿದೆ, ಗಾಬರಿಯಾಗಿದೆ.

ಉತ್ತರ:

ಕಸಿಗೆ ಮೊದಲು, ಗಡ್ಡೆ ಇದ್ದಾಗ, ಅವರ ಎ.ಎಫ್.ಪಿ. ಎಷ್ಟಿತ್ತು ಅಕ್ಕಾ? ಆಗಲೂ ನಾರ್ಮಲ್ ಇದ್ದರೆ ಈಗಿನ ನಾರ್ಮಲ್ಲಿಗೆ ಅರ್ಥವಿಲ್ಲ. ಎಷ್ಟೋ ಗಡ್ಡೆಗಳು ಎ.ಎಫ್.ಪಿ.ಯನ್ನು ಏರಿಸುವುದೇ ಇಲ್ಲ. ಸ್ಕ್ಯಾನ್ ಬಿಡಬೇಡಿ. ಸಿ.ಟಿ.ಯ ಕಾಂಟ್ರಾಸ್ಟ್ ಔಷಧದಿಂದ ಕಿಡ್ನಿಗೆ ತೊಂದರೆಯಾದೀತೆಂಬ ಚಿಂತೆ ಇದ್ದರೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ವರದಿ ತೋರಿಸಿ, ಎಂ.ಆರ್.ಐ. ಆದೀತೇ ಎಂದು ಕೇಳಿ.

ಇನ್ನು ಟ್ಯಾಕ್ರೋಲಿಮಸ್. ಆ ದಿನ ಬೆಳಗಿನ ಮಾತ್ರೆ ನುಂಗಿ ಬಸ್ ಹತ್ತಿದ್ದರೇ? ರಾಣೆಬೆನ್ನೂರಿನಿಂದ ಬರುವ ನನ್ನ ರೋಗಿಯೊಬ್ಬರು ಹಾಗೇ ಮಾಡಿದ್ದರು. ಮಟ್ಟ ದುಪ್ಪಟ್ಟು ಬಂತು, ನಾನು ಡೋಸ್ ಇಳಿಸಲು ಪೆನ್ ಹಿಡಿದಿದ್ದೆ. ಆಗ ಅವರ ಹೆಂಡತಿ ‘ಮಾತ್ರೆ ಏಳಕ್ಕೇ ಆಯಿತು’ ಎಂದರು. ಇಳಿಸಿದ್ದರೆ ದೇಹ ಹೊಸ ಲಿವರಿನ ಮೇಲೆ ತಿರುಗಿ ಬೀಳುತ್ತಿತ್ತೇನೋ. ಹಿಂದಿನ ರಾತ್ರಿಯ ಮಾತ್ರೆಯಾಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ಅಂಗಿಯ ಜೇಬಿನಲ್ಲಿರಲಿ, ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದ ಕೂಡಲೇ ನುಂಗಲಿ. ಚಕ್ಕೋತ ತಿನ್ನಬಾರದು, ಅದರಿಂದಲೂ ಮಟ್ಟ ಏರುತ್ತದೆ. ನಾಟಿ ಔಷಧವನ್ನು ಯಾರು ಕೊಟ್ಟರೂ ಬೇಡ.

ಗದಗಿನಿಂದ:

ಹೌದು ಡಾಕ್ಟರೇ, ನುಂಗಿಯೇ ಹೊರಟಿದ್ದರು. ನಾನೇ ನೀರು ಕೊಟ್ಟಿದ್ದೆ.

ಉತ್ತರ:

ಬೇಸರ ಬೇಡ. ಡೋಸ್ ನೀವಾಗಿ ಬದಲಿಸಬೇಡಿ. ನಡೆದದ್ದನ್ನು ಇವತ್ತೇ ಕಸಿ ಕೇಂದ್ರಕ್ಕೆ ಫೋನ್ ಮಾಡಿ ತಿಳಿಸಿ, ಸರಿಯಾದ ಹೊತ್ತಿಗೆ ಮತ್ತೆ ರಕ್ತ ಕೊಡಿಸಿ.

ಹಾನಗಲ್ಲಿನವರೇ, ನಿಮಗೂ ಒಂದು ಮಾತು. ಹೆಪಟೈಟಿಸ್ ಬಿ ಔಷಧ ಕಸಿಯ ನಂತರವೂ ಮುಂದುವರಿಯಬೇಕು. ನಿಮ್ಮ ತಾಯಿ, ನೀವು, ಒಡಹುಟ್ಟಿದವರು ಹೆಪಟೈಟಿಸ್ ಬಿ ಇದೆಯೇ ಎಂದು ತಿಳಿಸುವ ಹೆಚ್.ಬಿ.ಎಸ್.ಎ.ಜಿ. ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಇಲ್ಲವಾದರೆ ಈ ವಾರವೇ ಮಾಡಿಸಿ, ವರದಿ ಬಂದ ಮೇಲೆ ಇಲ್ಲಿ ಬರೆಯಿರಿ.