ಮೆಶ್ ವೈ-ಫೈಗೆ ಮೂರನೇ ನೋಡ್ ಸೇರುತ್ತಿಲ್ಲ, ಪಕ್ಕದಲ್ಲೇ ಇಟ್ಟರೂ 'ಹತ್ತಿರ ತನ್ನಿ' ಅನ್ನುತ್ತಿದೆ

ಹಿತ್ತಲಕೋಣೆ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒದ್ದಾಡುತ್ತಿದ್ದೇನೆ, ಗೊತ್ತಿರುವವರು ದಾರಿ ತೋರಿಸಿ.

ಮನೆಯಲ್ಲಿ ಎರಡು ನೋಡ್‌ಗಳ ಮೆಶ್ ಇದೆ, ಅಂದರೆ ಎರಡು ವೈ-ಫೈ ಪೆಟ್ಟಿಗೆಗಳು ಸೇರಿ ಒಂದೇ ನೆಟ್‌ವರ್ಕ್. ಮುಖ್ಯ ನೋಡ್ ಹಾಲ್‌ನಲ್ಲಿ, ಮೋಡೆಮ್ ಪಕ್ಕ. ಎರಡನೆಯದು ಮಹಡಿ ಮೇಲೆ. ಎರಡು ವರ್ಷದಿಂದ ಒಂದು ದಿನವೂ ತಕರಾರು ಮಾಡಿಲ್ಲ. ಹಿಂದಿನ ಕೋಣೆಗೆ ಮಾತ್ರ ಸಿಗ್ನಲ್ ಮುಟ್ಟುವುದಿಲ್ಲ. ಅಪ್ಪ ಮಲಗುವುದು ಅಲ್ಲೇ. ಅಕ್ಕ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಅದಕ್ಕೇ ಅದೇ ಮಾಡೆಲ್‌ನ ಇನ್ನೊಂದು ನೋಡ್ ಬಿಡಿಯಾಗಿ ತಂದೆ.

ಆ್ಯಪ್‌ನಲ್ಲಿ 'ನೋಡ್ ಸೇರಿಸಿ' ಒತ್ತಿದರೆ ಹೊಸದು ಕಾಣಿಸುತ್ತದೆ, ಯಾವ ಕೋಣೆ ಎಂದೂ ಕೇಳುತ್ತದೆ. ಆಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಮೂರ್ನಾಲ್ಕು ನಿಮಿಷ ಕಳೆದ ಮೇಲೆ 'ನೋಡ್ ಸೇರಲಿಲ್ಲ, ಮುಖ್ಯ ನೋಡ್‌ಗೆ ಹತ್ತಿರ ತನ್ನಿ' ಎಂದು ಬರುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದೇನೆ, ಇನ್ನೆಷ್ಟು ಹತ್ತಿರ ತರಲಿ? ಪಿನ್ ಚುಚ್ಚಿ ಐದು ಸಲ ರೀಸೆಟ್ ಮಾಡಿದೆ. ಬೇರೆ ಫೋನ್‌ನಲ್ಲೂ ನೋಡಿದೆ. ಇನ್ನು ಉಳಿದಿರುವುದು ಇಡೀ ಮೆಶ್ ಅಳಿಸಿ ಮೊದಲಿಂದ ಕಟ್ಟುವುದು. ಮಾಡಿಬಿಡಲೇ?

ಕೇಬಲ್ ಮೇಷ್ಟ್ರು:

ಬೇಡ, ಅಳಿಸಬೇಡಿ. ಸರಿಯಾಗಿರುವ ಎರಡು ನೋಡ್‌ಗಳೇ ಈಗ ನಿಮಗಿರುವ ಆಧಾರ. ಅವನ್ನೂ ಕೆದಕಿದರೆ ತಪ್ಪು ಹೊಸದರಲ್ಲಿದೆಯೋ ಹಳೆಯದರಲ್ಲಿದೆಯೋ ಹೇಳುವುದಕ್ಕೇ ಆಗುವುದಿಲ್ಲ.

ನಿಮ್ಮ ಬರಹದಲ್ಲೇ ದೊಡ್ಡ ಸುಳಿವು ಇದೆ. ಹೊಸ ನೋಡ್ ಕಾಣಿಸುತ್ತದೆ, ಕೋಣೆಯ ಹೆಸರು ಕೇಳುತ್ತದೆ ಅಂದಿರಿ. ಈಗಿನ ಎಷ್ಟೋ ಸೆಟ್‌ಗಳಲ್ಲಿ ಫೋನು ಹೊಸ ನೋಡನ್ನು ಮೊದಲು ಮಾತಾಡಿಸುವುದು ಬ್ಲೂಟೂತ್‌ನಲ್ಲಿ. ಮನೆಯ ವೈ-ಫೈ ಹೆಸರು, ಪಾಸ್‌ವರ್ಡ್ ಎಲ್ಲ ಕೊಟ್ಟ ಮೇಲೆ ಫೋನಿನ ಕೆಲಸ ಮುಗಿಯಿತು. ಮುಖ್ಯ ನೋಡನ್ನು ಗಾಳಿಯಲ್ಲಿ ಹುಡುಕಿ ಸೇರಿಕೊಳ್ಳುವುದು ಹೊಸ ನೋಡ್‌ನದೇ ಹೊಣೆ. ನಿಮ್ಮದು ಮೊದಲ ಹಂತ ದಾಟಿ ಎರಡನೆಯದರಲ್ಲಿ ಎಡವುತ್ತಿದೆ. ಆದ್ದರಿಂದ ಫೋನಿನ ಮೇಲೆ ಇನ್ನು ಹೊತ್ತು ಕಳೆಯಬೇಡಿ. ನೋಡ್ ಕಾಣಿಸದೇ ಹೋಗಿದ್ದರೆ ಮಾತು ಬೇರೆ: ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಅನುಮತಿ, ಐಫೋನ್‌ನಲ್ಲಿ ಬ್ಲೂಟೂತ್ ಮತ್ತು ಲೋಕಲ್ ನೆಟ್‌ವರ್ಕ್ ಅನುಮತಿ, ವಿಪಿಎನ್ ಇದ್ದರೆ ಆಫ್ ಮಾಡುವುದು, ಅಲ್ಲಿಂದ ಶುರುಮಾಡಬೇಕಿತ್ತು.

ನಾಲ್ಕು ವಿಷಯ ತಿಳಿಸಿ. ಮೂರೂ ನೋಡ್‌ಗಳ ಅಡಿಯ ಸ್ಟಿಕ್ಕರ್‌ನಲ್ಲಿ ಮಾಡೆಲ್ ಪಕ್ಕ ಹಾರ್ಡ್‌ವೇರ್ ಆವೃತ್ತಿ ಏನಿದೆ? ಮಹಡಿಯ ನೋಡ್ ವೈರ್‌ನಲ್ಲಿದೆಯೋ ವೈರ್‌ಲೆಸ್ಸೋ? ಗೊತ್ತಿರುವ ಸಾಧನಗಳಿಗೆ ಮಾತ್ರ ಪ್ರವೇಶ ಎಂಬ ಮ್ಯಾಕ್ ಫಿಲ್ಟರ್ ಹಾಕಿದ್ದೀರಾ? ಹೊಸದಕ್ಕೆ ಚುಚ್ಚಿರುವುದು ಅದರದೇ ಅಡಾಪ್ಟರಾ? ಕೊನೆಯದನ್ನು ಸುಮ್ಮನೆ ಕೇಳುತ್ತಿಲ್ಲ. ಪಿನ್ ಒಂದೇ ಅಳತೆಯದಾದರೂ ಒಂದು 12 ವೋಲ್ಟ್ 1 ಆಂಪಿಯರ್, ಇನ್ನೊಂದು 12 ವೋಲ್ಟ್ 2 ಆಂಪಿಯರ್ ಇರಬಹುದು. ಕಡಿಮೆಯದನ್ನು ಹಾಕಿದರೆ ಲೈಟು ಹತ್ತುತ್ತದೆ, ಒಳಗಿನ ವೈ-ಫೈ ರೇಡಿಯೋ ಪೂರ್ತಿ ಶಕ್ತಿ ಎಳೆದಾಗ ನೋಡ್ ಕುಸಿದು ಮತ್ತೆ ಬೂಟ್ ಆಗುತ್ತದೆ.

ಈಗ ಒಂದೇ ಒಂದು ಪರೀಕ್ಷೆ ಮಾಡಿ. ಚಿಕ್ಕ ಲ್ಯಾನ್ ಕೇಬಲ್ ತಗೊಂಡು ಮುಖ್ಯ ನೋಡ್‌ನ ಖಾಲಿ ಲ್ಯಾನ್ ಪೋರ್ಟ್‌ನಿಂದ ಹೊಸ ನೋಡ್‌ಗೆ ಹಾಕಿ. ಮೋಡೆಮ್‌ನಿಂದ ಅಲ್ಲ, ಮುಖ್ಯ ನೋಡ್‌ನಿಂದ. ಹೊಸದನ್ನು ರೀಸೆಟ್ ಮಾಡಿ ಆ್ಯಪ್‌ನಲ್ಲಿ ಸೇರಿಸಿ. ಸೇರಿದರೆ ಕೇಬಲ್ ಇರುವಾಗಲೇ ಫರ್ಮ್‌ವೇರ್ (ನೋಡ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮುಗಿಸಿ, ಆಮೇಲೆ ಕೇಬಲ್ ಕಿತ್ತು ಐದು ನಿಮಿಷ ಕಾಯಿರಿ. ಬೇರೆ ಏನನ್ನೂ ಬದಲಿಸಬೇಡಿ.

ಹಿತ್ತಲಕೋಣೆ:

ಮೇಷ್ಟ್ರೇ, ಕೇಬಲ್ ಹಾಕಿದ ಎರಡೇ ನಿಮಿಷಕ್ಕೆ ಸೇರಿಬಿಟ್ಟಿತು! ಫರ್ಮ್‌ವೇರ್ ಕೂಡ ಅಪ್‌ಡೇಟ್ ಆಯಿತು. ಆದರೆ ಕೇಬಲ್ ಕಿತ್ತ ಮೇಲೆ ಬಿಳಿ ಲೈಟು ಸ್ವಲ್ಪ ಹೊತ್ತು ಮಿಣುಕಿ ಕೆಂಪಾಯಿತು. ಐದಲ್ಲ, ಹದಿನೈದು ನಿಮಿಷ ಕಾದೆ. ಮತ್ತೆ ಕೇಬಲ್ ಹಾಕಿದರೆ ಬಿಳಿ.

ಹಳೆಯ ಎರಡೂ ನೋಡ್‌ಗಳ ಸ್ಟಿಕ್ಕರ್‌ನಲ್ಲಿ ವಿ2 ಎಂದಿದೆ, ಹೊಸದರಲ್ಲಿ ವಿ1. ಮಾಡೆಲ್ ಸಂಖ್ಯೆ ಒಂದೇ ಇದ್ದದ್ದರಿಂದ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮಹಡಿಯದು ಗೋಡೆಯೊಳಗಿನ ಕೇಬಲ್‌ನಲ್ಲಿದೆ. ಮ್ಯಾಕ್ ಫಿಲ್ಟರ್ ಇಲ್ಲ. ಅಡಾಪ್ಟರ್ ಅದರದೇ.

ಅಟ್ಟದಮನೆ:

ಕೇಬಲ್‌ನಲ್ಲಿ ಓಡಿ ವೈರ್‌ಲೆಸ್‌ನಲ್ಲಿ ಸತ್ತರೆ ರೇಡಿಯೋ ಹೋಗಿದೆ ಅಂತಲೇ ಅರ್ಥ. ವಾಪಸ್ ಕೊಟ್ಟುಬಿಡಿ.

ಕೇಬಲ್ ಮೇಷ್ಟ್ರು:

ಇರಬಹುದು, ಆದರೆ ನೋಡದೆ ಹೇಳುವುದು ಬೇಡ. ರೇಡಿಯೋ ಬದುಕಿದೆಯೇ ಎಂದು ತಿಳಿಯುವುದು ಸುಲಭ. ಹೊಸ ನೋಡ್ ಕೇಬಲ್‌ನಲ್ಲೇ ಇರಲಿ. ಅದರ ಪಕ್ಕ ನಿಂತು ಫೋನಿನ ವೈ-ಫೈ ಆಫ್ ಮಾಡಿ ಆನ್ ಮಾಡಿ. ಫೋನು ಯಾವ ನೋಡ್‌ಗೆ, ಯಾವ ಬ್ಯಾಂಡ್‌ನಲ್ಲಿ (2.4 ಗಿಗಾಹರ್ಟ್ಜ್‌ನಲ್ಲೋ 5ರಲ್ಲೋ) ಸೇರಿದೆ ಎಂದು ಆ್ಯಪ್‌ನಲ್ಲಿ ನೋಡಿ. ಎರಡೂ ಒಂದೇ ಮೇಜಿನ ಮೇಲಿದ್ದರೆ ಗೊಂದಲವಾಗುತ್ತದೆ, ಕೇಬಲ್ ಎಟಕುವಷ್ಟು ದೂರ ಸರಿಸಿ.

ಜೊತೆಗೆ ಮುಖ್ಯ ನೋಡ್ 5 ಗಿಗಾಹರ್ಟ್ಜ್‌ನಲ್ಲಿ ಯಾವ ಚಾನೆಲ್‌ನಲ್ಲಿದೆ, ಅಂದರೆ ಆ ಬ್ಯಾಂಡ್‌ನ ಯಾವ ಭಾಗದಲ್ಲಿದೆ, ನೋಡಿ ಹೇಳಿ. ವಿ1 ಎಂದ ಕೂಡಲೇ ನನಗೆ ಅನುಮಾನ ಬಂದದ್ದು ಅದರ ಮೇಲೆ.

ಹಿತ್ತಲಕೋಣೆ:

ಫೋನು ಹೊಸ ನೋಡ್‌ಗೇ ಸೇರಿತು. ಆದರೆ 2.4ರಲ್ಲಿ ಮಾತ್ರ. 5 ಗಿಗಾಹರ್ಟ್ಜ್ ಪಕ್ಕ 'ಲಭ್ಯವಿಲ್ಲ' ಎಂದು ಬೂದು ಬಣ್ಣದಲ್ಲಿದೆ. ಮುಖ್ಯ ನೋಡ್‌ದು: ಚಾನೆಲ್ 100, ಅಗಲ 80 ಮೆಗಾಹರ್ಟ್ಜ್, ಆಯ್ಕೆ 'ಆಟೋ'.

ಕೇಬಲ್ ಮೇಷ್ಟ್ರು:

ಸಿಕ್ಕಿತು ಅನ್ನಿಸುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾವ ಆ್ಯಪ್ಪೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

5 ಗಿಗಾಹರ್ಟ್ಜ್‌ನಲ್ಲಿ 52ರಿಂದ 64, 100ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ವೈ-ಫೈಗಿಂತ ರೇಡಾರ್‌ಗೆ ಹಕ್ಕು ಜಾಸ್ತಿ. ಹವಾಮಾನದ ರೇಡಾರ್, ಸೇನೆಯ ರೇಡಾರ್ ಎಲ್ಲ ಅಲ್ಲಿವೆ. ಅಲ್ಲಿಗೆ ಕಾಲಿಡುವ ರೂಟರ್ ಮೊದಲು ಕನಿಷ್ಠ 60 ಸೆಕೆಂಡ್ ಬಾಯಿ ಮುಚ್ಚಿಕೊಂಡು ಕಿವಿಗೊಡಬೇಕು. ನಡುವೆ ರೇಡಾರ್ ಸದ್ದು ಕೇಳಿದರೆ 10 ಸೆಕೆಂಡಿನೊಳಗೆ ಆ ಚಾನೆಲ್ ಬಿಡಬೇಕು, 30 ನಿಮಿಷ ಅತ್ತ ತಲೆ ಹಾಕಬಾರದು. ಇದಕ್ಕೆ ಡಿಎಫ್ಎಸ್ ಎನ್ನುತ್ತಾರೆ. ಈ ಪಾಲನೆಗೆ ಬೇಕಾದ ವ್ಯವಸ್ಥೆ ಇಲ್ಲದ ಹಾರ್ಡ್‌ವೇರ್‌ಗಳಲ್ಲಿ ತಯಾರಕರು ಈ ಚಾನೆಲ್‌ಗಳನ್ನೇ ಮುಚ್ಚಿಬಿಡುತ್ತಾರೆ. ವ್ಯವಸ್ಥೆ ಇರುವ ನೋಡ್ ಕೂಡ ಅಲ್ಲಿ ತಾನಾಗಿ ಕೂಗಿ ಕರೆಯುವ ಹಾಗಿಲ್ಲ, ಮುಖ್ಯ ನೋಡ್‌ನ ಬೀಕನ್, ಅಂದರೆ 'ನಾನಿಲ್ಲಿದ್ದೇನೆ' ಎಂಬ ಸಂಕೇತ, ಕೇಳಿಸುವವರೆಗೆ ಕಾಯಬೇಕು. ಹಾಗಾಗಿ ಸೇರಿಕೊಳ್ಳಲು ತಡವಾಗುತ್ತದೆ.

ನಿಮ್ಮ ಮುಖ್ಯ ನೋಡ್ ಆಟೋದಲ್ಲಿದ್ದು ಗದ್ದಲ ಕಡಿಮೆ ಎಂದು 100ಕ್ಕೆ ಹೋಗಿ ಕೂತಿದೆ. ವಿ1ಗೆ ಆ ಚಾನೆಲ್ ತೆರೆದಿಲ್ಲ ಎಂದು ಕಾಣುತ್ತದೆ. ಅದರ ಪಾಲಿಗೆ ಪಕ್ಕದಲ್ಲೇ ಇರುವ ಮುಖ್ಯ ನೋಡ್ 5ರಲ್ಲಿ ಇಲ್ಲವೇ ಇಲ್ಲ. ನಿಮ್ಮ ಸೆಟ್‌ನಲ್ಲಿ ನೋಡ್‌ಗಳ ನಡುವಿನ ಕೊಂಡಿ, ಅಂದರೆ ಬ್ಯಾಕ್‌ಹಾಲ್, 5ರಲ್ಲೇ ನಡೆಯುವುದಾದರೆ ಕೆಂಪು ಲೈಟು ಸಹಜ. ಮಹಡಿಯ ನೋಡ್ ಕೇಬಲ್‌ನಲ್ಲಿರುವುದರಿಂದ ಇಷ್ಟು ದಿನ ವೈರ್‌ಲೆಸ್ ಕೊಂಡಿಯ ಪ್ರಶ್ನೆಯೇ ನಿಮ್ಮ ಮನೆಯಲ್ಲಿ ಬಂದಿರಲಿಲ್ಲ.

ಚಾನೆಲನ್ನು ಆಟೋ ತೆಗೆದು 36ರಿಂದ 48ರೊಳಗೆ ಯಾವುದಾದರೊಂದಕ್ಕೆ ಹಾಕಿ. ಉಳಿಸಿದ ಮೇಲೆ ಎಲ್ಲ ನೋಡ್‌ಗಳೂ ಒಮ್ಮೆ ಕಡಿದು ಸೇರುತ್ತವೆ, ಗಾಬರಿ ಬೇಡ. ಎರಡು ನಿಮಿಷ ಬಿಟ್ಟು ಕೇಬಲ್ ಕೀಳಿ.

ಹಿತ್ತಲಕೋಣೆ:

44ಕ್ಕೆ ಹಾಕಿದೆ. ಕೇಬಲ್ ಕೀಳುವಾಗ ನಿಜವಾಗಲೂ ಕೈ ಹಿಂದೆಮುಂದೆ ನೋಡಿತು. ಲೈಟು ಮಿಣುಕಿತು, ಮಿಣುಕಿತು, ಬಿಳಿಯಾಗಿ ನಿಂತಿತು! ಮೇಷ್ಟ್ರೇ, ತುಂಬಾ ತುಂಬಾ ಧನ್ಯವಾದ. ಮೂರು ದಿನದಲ್ಲಿ ಚಾನೆಲ್ ಎಂಬ ಪದ ನನ್ನ ತಲೆಗೇ ಬಂದಿರಲಿಲ್ಲ.

ಆದರೆ ಅಪ್ಪನ ಕೋಣೆಗೆ ಒಯ್ದು ಇಟ್ಟರೆ ಹತ್ತು ನಿಮಿಷಕ್ಕೊಮ್ಮೆ ಬಿಟ್ಟುಹೋಗುತ್ತಿದೆ. ಆ್ಯಪ್‌ನಲ್ಲಿ ಕೊಂಡಿಯ ಸಿಗ್ನಲ್ -79 ಡಿಬಿಎಂ ತೋರಿಸುತ್ತಿದೆ.

ಕೇಬಲ್ ಮೇಷ್ಟ್ರು:

ಇದು ಬೇರೆಯೇ ಸಮಸ್ಯೆ, ಹಿಂದಿನದಕ್ಕೆ ಗಂಟು ಹಾಕಬೇಡಿ. ಸಿಗ್ನಲ್ ಸಾಯುವ ಜಾಗದಲ್ಲಿ ನೋಡ್ ಇಟ್ಟರೆ ಅದಕ್ಕೂ ಸಾಯುವ ಸಿಗ್ನಲ್ಲೇ ಸಿಗುವುದು. ಇಡಬೇಕಾದದ್ದು ಮುಖ್ಯ ನೋಡ್ ಇನ್ನೂ ಚೆನ್ನಾಗಿ ಕೇಳಿಸುವ, ಅಲ್ಲಿಂದ ಕೋಣೆಗೆ ಒಂದೇ ಗೋಡೆ ಇರುವ ಜಾಗದಲ್ಲಿ. -65ರ ಆಚೀಚೆ ಸಿಗುವಂತೆ ನೋಡಿ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಈ ಅಳತೆಯಲ್ಲಿ 3 ಕಡಿಮೆಯಾಯಿತೆಂದರೆ ಶಕ್ತಿ ಅರ್ಧಕ್ಕೆ ಇಳಿಯಿತು ಎಂದು ಲೆಕ್ಕ.

ದಾರಿಯಲ್ಲಿ ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಫ್ರಿಜ್, ನೀರಿನ ಟ್ಯಾಂಕ್ ಏನಾದರೂ ಅಡ್ಡ ಇದೆಯೇ? ನೋಡನ್ನು ನೆಲದ ಮೇಲೆ, ಟಿವಿ ಹಿಂದೆ ಇಡಬೇಡಿ. ಎದೆಮಟ್ಟದಲ್ಲಿ, ಸುತ್ತ ಬಯಲಿರಲಿ.

ಹಿತ್ತಲಕೋಣೆ:

ಬೀರು ಇದೆ ಮೇಷ್ಟ್ರೇ, ಬಾಗಿಲಿಗೆ ಆಳುದ್ದದ ಕನ್ನಡಿ ಬೇರೆ. ಹಾಲ್‌ಗೂ ಆ ಕೋಣೆಗೂ ನಡುವಿನ ಗೋಡೆಗೇ ಒರಗಿಸಿಟ್ಟಿದ್ದೇವೆ, ನೋಡ್ ಇಟ್ಟಿದ್ದು ಅದರ ಹಿಂಬದಿಯ ಮೂಲೆಯಲ್ಲಿ. ಈಗ ಕೋಣೆಯ ಬಾಗಿಲಿನ ಹೊರಗೆ, ಓಣಿಯ ಗೋಡೆಯಲ್ಲಿ ಪುಸ್ತಕದ ಹಲಗೆ ಇದೆಯಲ್ಲ, ಅಲ್ಲಿ ಇಟ್ಟಿದ್ದೇನೆ. -61!

ಅಪ್ಪನ ಹಾಸಿಗೆ ಮೇಲೆ ಕೂತು ಅಳೆದೆ: ಮೊದಲು 6 ಎಂಬಿಪಿಎಸ್ ಬರುತ್ತಿತ್ತು, ಈಗ 130. ಹಾಲ್‌ನಲ್ಲಿ 290 ಇದೆ. ಅರ್ಧಕ್ಕಿಂತ ಕಡಿಮೆ, ಇನ್ನೇನಾದರೂ ಸರಿಪಡಿಸಬೇಕಾ?

ಕೇಬಲ್ ಮೇಷ್ಟ್ರು:

ಏನೂ ಬೇಡ. ಎರಡೇ ಬ್ಯಾಂಡ್ ಇರುವ ನೋಡ್ ಒಂದೇ ರೇಡಿಯೋದಲ್ಲಿ ಮುಖ್ಯ ನೋಡ್‌ನಿಂದ ತಗೊಂಡು, ಅದೇ ರೇಡಿಯೋದಲ್ಲಿ ಫೋನಿಗೆ ಕೊಡಬೇಕು. ಒಟ್ಟಿಗೆ ಎರಡೂ ಆಗುವುದಿಲ್ಲ, ಹಾಗಾಗಿ ವೇಗ ಅರ್ಧದ ಆಸುಪಾಸಿಗೆ ಬರುತ್ತದೆ. -79 ಎಲ್ಲಿ, -61 ಎಲ್ಲಿ! ಶಕ್ತಿಯ ಲೆಕ್ಕದಲ್ಲಿ 60 ಪಟ್ಟಿಗೂ ಹೆಚ್ಚು. ಒಂದು ಬೀರುವಿನ ಮರೆಯಿಂದ ಹೊರಬಂದದ್ದಕ್ಕೆ ಸಿಕ್ಕ ಫಲ ಇದು.

ಒಂದು ಮಾತು ನೆನಪಿಡಿ. ಮುಂದೆ ಫರ್ಮ್‌ವೇರ್ ಅಪ್‌ಡೇಟ್ ಆದಾಗ, ಅಥವಾ ಮನೆಯಲ್ಲಿ ಯಾರಾದರೂ ಆ್ಯಪ್‌ನಲ್ಲಿ 'ನೆಟ್‌ವರ್ಕ್ ಉತ್ತಮಗೊಳಿಸಿ' ಎಂದು ಒತ್ತಿದಾಗ, ಚಾನೆಲ್ ಮತ್ತೆ 100ಕ್ಕೆ ಹಾರಬಹುದು. ಲೈಟು ಕೆಂಪಾದರೆ ಮೊದಲು ಅದನ್ನೇ ನೋಡಿ.

ಅಟ್ಟದಮನೆ:

ಮೇಷ್ಟ್ರೇ, ವಾಪಸ್ ಕೊಡಿ ಎಂದು ನಾನು ಅವಸರದಲ್ಲಿ ಹೇಳಿದ್ದು ತಪ್ಪಾಯಿತು. ನನ್ನದೂ ಒಂದು ಪ್ರಶ್ನೆ ಇದೆ. ನನ್ನ ಎರಡನೇ ನೋಡ್ ಕೇಬಲ್‌ನಲ್ಲೇ ಇದೆ, ಆದರೂ ಆ್ಯಪ್‌ನಲ್ಲಿ ಆಫ್‌ಲೈನ್. ಕೇಬಲ್ ಹಾಕಿದ್ದು ಮೋಡೆಮ್‌ನ ಎರಡನೇ ಪೋರ್ಟ್‌ನಿಂದ. ಅದರಿಂದಲೇ ತೊಂದರೆಯಾ? ಇನ್ನೊಂದು, ಬೇರೆ ಕಂಪನಿಯ ನೋಡ್ ಸೇರಿಸಬಹುದಾ?

ಕೇಬಲ್ ಮೇಷ್ಟ್ರು:

ಅದರಿಂದಲೇ. ನಿಮ್ಮ ಮುಖ್ಯ ನೋಡ್ ರೂಟರ್ ಮೋಡ್‌ನಲ್ಲಿದ್ದರೆ (ತಾನೇ ವಿಳಾಸ ಹಂಚುತ್ತಿದ್ದರೆ) ಅದರ ಹಿಂದೆ ಒಂದು ನೆಟ್‌ವರ್ಕ್, ಮೋಡೆಮ್‌ನ ಕಡೆ ಇನ್ನೊಂದು. ಮೋಡೆಮ್ 192.168.1ರಲ್ಲಿ ವಿಳಾಸ ಹಂಚುತ್ತಿರುತ್ತದೆ, ಮೆಶ್ ಇನ್ನಾವುದೋ ಸಾಲಿನಲ್ಲಿ. ಎರಡನೇ ನೋಡ್ ಮನೆಯ ಗೇಟಿನ ಹೊರಗೆ ನಿಂತ ಹಾಗೆ, ಒಳಗಿನವರಿಗೆ ಕಾಣಿಸುವುದಿಲ್ಲ. ಕೇಬಲನ್ನು ಮುಖ್ಯ ನೋಡ್‌ನ ಲ್ಯಾನ್ ಪೋರ್ಟ್‌ಗೆ ಬದಲಿಸಿ. ಪೋರ್ಟ್ ಸಾಲದಿದ್ದರೆ ಮುಖ್ಯ ನೋಡ್ ಆದ ಮೇಲೆ ಒಂದು ಸಾದಾ ನೆಟ್‌ವರ್ಕ್ ಸ್ವಿಚ್ (ಲ್ಯಾನ್ ಪೋರ್ಟ್ ಹೆಚ್ಚಿಸುವ ಪೆಟ್ಟಿಗೆ) ಹಾಕಿ.

ಬೇರೆ ಕಂಪನಿಯದು ಬೇಡ ಎಂದೇ ಹೇಳುತ್ತೇನೆ. ಕಂಪನಿಗಳ ಗಡಿ ದಾಟಲೆಂದು ವೈ-ಫೈ ಅಲಯನ್ಸ್ 2018ರಲ್ಲಿ ಈಸಿಮೆಶ್ ಎಂಬ ಮಾನದಂಡ ತಂದಿದೆ, ಆದರೆ ಎರಡೂ ಕಡೆ ಅದು ಇದ್ದರೆ ಮಾತ್ರ ಪ್ರಯೋಜನ. ಒಂದೇ ಕಂಪನಿಯೊಳಗೂ ಬೇಲಿಗಳಿವೆ: ಗೂಗಲ್‌ನದೇ ನೆಸ್ಟ್ ವೈಫೈ ಪ್ರೊ ಹಳೆಯ ಗೂಗಲ್ ವೈಫೈ ಜೊತೆ ಮೆಶ್ ಆಗುವುದಿಲ್ಲ.

ಅಟ್ಟದಮನೆ:

ಪೋರ್ಟ್ ಬದಲಿಸಿದೆ, ಆನ್‌ಲೈನ್ ಬಂತು. ಆದರೆ ಕೊಂಡಿ 100 ಎಂಬಿಪಿಎಸ್ ಎಂದೇ ತೋರಿಸುತ್ತದೆ, ಎರಡೂ ಗಿಗಾಬಿಟ್ ಪೋರ್ಟ್‌ಗಳು.

ಕೇಬಲ್ ಮೇಷ್ಟ್ರು:

ಕೇಬಲ್ ತುದಿ ನೋಡಿ. 100ಕ್ಕೆ ಎರಡು ಜೊತೆ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೊತೆ ಬೇಕು. ನೀಲಿ ಅಥವಾ ಕಂದು ಜೊತೆಯಲ್ಲಿ ಒಂದು ತಂತಿ ಪ್ಲಗ್‌ನ ತುದಿವರೆಗೆ ಹೋಗದೆ ನಿಂತಿದ್ದರೂ ಹೀಗೇ ಆಗುತ್ತದೆ. ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದರೆ ಎಂಟೂ ತಾಮ್ರದ ತುದಿಗಳು ಒಂದೇ ಸಾಲಿನಲ್ಲಿ ಹೊಳೆಯಬೇಕು.

ಅಟ್ಟದಮನೆ:

ಕಂದು ಒಂದು ಎಳೆ ಅರ್ಧಕ್ಕೇ ನಿಂತಿತ್ತು. ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿಸಿದೆ, 1000 ಬಂತು.

ಹಿತ್ತಲಕೋಣೆ:

ಒಂದು ವಾರ ಆಯಿತು, ತಿಳಿಸೋಣ ಎಂದು ಬಂದೆ. ಒಂದು ಸಲವೂ ಬಿಟ್ಟುಹೋಗಿಲ್ಲ. ನಿನ್ನೆ ಫರ್ಮ್‌ವೇರ್ ಅಪ್‌ಡೇಟ್ ಬಂತು, ಮೇಷ್ಟ್ರು ಹೇಳಿದ ಹಾಗೆ ಮೊದಲು ಚಾನೆಲ್ ನೋಡಿದೆ, 44ರಲ್ಲೇ ಇದೆ. ಅಪ್ಪ ಅಕ್ಕನ ಜೊತೆ ನಲವತ್ತು ನಿಮಿಷ ಮಾತಾಡಿದರು.